ಕರಿಕಲ್ಲಿನ ತೂತು ಹುಡುಕುತ್ತ ಬೆಳಗಾವಿಯಿಂದ ವಿಜಯಪುರಕ್ಕೆ

ಮೊದಲ ದಿನ: ಬೆಳಗಾವಿ, ರಾಜಹಂಸಗಡ

ನಮ್ಮ ಕಾಕಾ ರಾಜಸ್ಥಾನದ ಬಾಡಮೇರ್ ಕಡೆ ಗ್ಯಾಸ್ ಬಾವಿ ಕೊರೆಯುವ ರಿಗ್ಗುಗಳಲ್ಲಿ ಬಹಳ ವರ್ಷ ದುಡಿದು, ಈಗ ಬೆಳಗಾವಿಗೆ ಬಂದು ನೆಲೆಸಿದ್ದಾರೆ. ಅವರದು ಮಡ್ ಲಾಗರ್ ಕೆಲಸ. ಬಾವಿಯ ತಳದಿಂದ ಕೆಸರಿನ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಕೊರೆಯುವ ಮೊನೆ, ಅಂದರೆ ಬಿಟ್, ಈಗ ಯಾವ ಕಲ್ಲಿನಲ್ಲಿದೆ, ಅದರಲ್ಲಿ ಗ್ಯಾಸ್ ಇದೆಯಾ ಇಲ್ವಾ ಅಂತ ಹೇಳಬೇಕು. ಕೊನೆಗೆ ಅವರು ಇದ್ದದ್ದು ರಾಗೇಶ್ವರಿ ಗ್ಯಾಸ್ ಕ್ಷೇತ್ರದಲ್ಲಿ. ಅಲ್ಲಿ ಸುಮಾರು 3 ಕಿಲೋಮೀಟರ್ ಆಳದಲ್ಲಿ ಗ್ಯಾಸ್ ಕೂತಿರುವುದು ಜ್ವಾಲಾಮುಖಿ ಕಲ್ಲಿನೊಳಗೆ. ಲಾವಾದಿಂದ ಆದ ಕಲ್ಲಿನಲ್ಲಿ ಗ್ಯಾಸ್ ಹೇಗೆ ನಿಲ್ಲುತ್ತೆ ಅಂತ ಫೋನಿನಲ್ಲಿ ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಫೋನಿನ್ಯಾಗ ಹೇಳೂ ಮಾತಲ್ಲ ಅದು. ಬಾ, ಕಲ್ಲು ತೋರಸ್ತೀನಿ."

ಜುಲೈ ಕೊನೆಗೆ ಹೋದೆ. ಬೆಳಗಾವಿಯಲ್ಲಿ ಮಳೆ ಹಿಡಿದರೆ ಬಿಡುವುದೇ ಇಲ್ಲ. ಬಸ್ ಸ್ಟ್ಯಾಂಡಿನಿಂದ ನೇರವಾಗಿ ಒಂದು ಸಣ್ಣ ಹೋಟೆಲಿಗೆ ನುಗ್ಗಿ ಬಿಸಿ ಬಿಸಿ ಮಿಸಳ ತಿಂದೆವು. ಖಾರಕ್ಕೆ ಕಿವಿ ಬೆಚ್ಚಗಾಯಿತು. ಆಮೇಲೆ ಯಳ್ಳೂರಿನ ಮೇಲೆ ರಾಜಹಂಸಗಡಕ್ಕೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವವರು ಛತ್ರಿ ಮನೆಯಲ್ಲೇ ಇಟ್ಟು ರೇನ್‌ಕೋಟ್ ಹಾಕಿಕೊಳ್ಳಿ. ಕೋಟೆಯ ಮೇಲೆ ಬೀಸುವ ಗಾಳಿಗೆ ನಮ್ಮ ಮುಂದೆಯೇ ಒಬ್ಬರ ಛತ್ರಿ ತಿರುವುಮುರುವಾಗಿ ಕಡ್ಡಿಗಳೆಲ್ಲ ಹೊರಗೆ ಬಂದವು.

ಮೇಲೆ ಮಂಜು ಬಿಟ್ಟು ಏನೂ ಕಾಣಲಿಲ್ಲ. ಕಾಕಾನಿಗೆ ಅದರ ಚಿಂತೆ ಇರಲಿಲ್ಲ. ಇಳಿಯುವಾಗ ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಕಾರು ನಿಲ್ಲಿಸಿದರು. ಕೆಳಗೆ ಬಿದ್ದಿದ್ದ ಕಲ್ಲುಗಳಲ್ಲಿ ಆರಿಸಿ ಎರಡನ್ನು ಬಾನೆಟ್ ಮೇಲೆ ಇಟ್ಟು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಒಂದು ಕಲ್ಲು ಗಟ್ಟಿ, ನುಣುಪು, ಕಪ್ಪು. ಇನ್ನೊಂದರ ತುಂಬ ತೂತು. ಕೆಲವು ಸಾಸಿವೆಯಷ್ಟು, ಕೆಲವು ಜೋಳದ ಕಾಳಿನಷ್ಟು, ಒಂದೆರಡು ಹುಣಸೆ ಬೀಜದಷ್ಟು. ಎಲ್ಲವೂ ಒಂದೇ ದಿಕ್ಕಿಗೆ ಸ್ವಲ್ಪ ಉದ್ದಕ್ಕೆ ಎಳೆದಂತೆ ಇದ್ದವು. ಲಾವಾ ಹರಿಯುತ್ತಲೇ ಗಟ್ಟಿಯಾಗಿದ್ದರಿಂದ ಗುಳ್ಳೆಗಳೂ ಹರಿದ ದಿಕ್ಕಿಗೆ ವಾಲಿಕೊಂಡಿವೆ. ಕನ್ನಡಿ ಹತ್ತಿರ ಹಿಡಿದರೆ ಕೆಲವು ತೂತಿನ ಒಳಗೋಡೆಗೆ ಹಸಿರು ಪೊರೆ. ಕೆಲವು ಪೂರ್ತಿ ತುಂಬಿಹೋಗಿ ಬಿಳಿ ಹರಳು ಹೊಳೆಯುತ್ತಿತ್ತು. ಅದು ಜಿಯೋಲೈಟ್. ಲಾವಾ ಆರಿದ ಮೇಲೆ ಬಿಸಿನೀರು ಕಲ್ಲಿನೊಳಗೆ ಓಡಾಡಿ, ಕರಗಿಸಿ ತಂದದ್ದನ್ನು ತೂತಿನಲ್ಲಿ ಬಿಟ್ಟು ಹೋಗಿದೆ.

ಕಾಕಾ ಬಾಟಲಿಯಿಂದ ಎರಡೂ ಕಲ್ಲಿನ ಮೇಲೆ ಒಂದೊಂದು ಹನಿ ನೀರು ಹಾಕಿದರು. ಗಟ್ಟಿ ಕಲ್ಲಿನ ಮೇಲಿನ ಹನಿ ಜಾರಿ ಹೋಯಿತು. ತೂತಿನ ಕಲ್ಲಿನ ಮೇಲೆ ಬಿದ್ದದ್ದು ಒಂದು ತೂತಿನಲ್ಲಿ ತುಂಬಿ ಅಲ್ಲೇ ನಿಂತಿತು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಆಮೇಲೆ ಅದೇ ಕಲ್ಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ತೂತುಗಳನ್ನು ದಾಟಿ ಹೋಗಿದ್ದ ಕಡೆ ಇನ್ನೊಂದು ಹನಿ ಬಿಟ್ಟರು. ಅದು ನೋಡುನೋಡುತ್ತಲೇ ಒಳಗೆ ಇಳಿದುಹೋಯಿತು.

"ತೂತು ಎಷ್ಟರೆ ಇರಲಿ, ಒಂದರಿಂದ ಒಂದಕ್ಕ ದಾರಿ ಇಲ್ಲಂದ್ರ ನಮಗೇನೂ ಉಪಯೋಗಿಲ್ಲಪಾ. ರಾಗೇಶ್ವರಿಯೊಳಗ ನಾವು ರೊಕ್ಕ ಸುರದಿದ್ದೆಲ್ಲಾ ಆ ದಾರಿ ಮಾಡಾಕ."

ಪೊರಾಸಿಟಿ ಅಂದರೆ ಕಲ್ಲಿನಲ್ಲಿ ಖಾಲಿ ಜಾಗ ಎಷ್ಟಿದೆ ಅನ್ನುವ ಲೆಕ್ಕ. ಪರ್ಮಿಯಬಿಲಿಟಿ ಅಂದರೆ ಆ ಜಾಗದಿಂದ ಈ ಜಾಗಕ್ಕೆ ಹರಿಯುವುದು ಎಷ್ಟು ಸಲೀಸು ಅನ್ನುವ ಲೆಕ್ಕ. ಓದಿದಾಗ ಎರಡೂ ಒಂದೇ ಅನ್ನಿಸುತ್ತೆ. ಆ ಹನಿಗಳನ್ನು ನೋಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ರಾಗೇಶ್ವರಿಯ ಕಲ್ಲಿನಲ್ಲಿ ಗ್ಯಾಸ್ ಇದ್ದರೂ ದಾರಿ ಬಹಳ ಕಿರಿದು. ಅದಕ್ಕೇ ಅಲ್ಲಿ ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ ಕಲ್ಲು ಸೀಳುತ್ತಾರೆ. ಸೀಳು ಮತ್ತೆ ಮುಚ್ಚಿಕೊಳ್ಳದ ಹಾಗೆ ನೀರಿನ ಜೊತೆ ಮರಳಿನಂಥ ಕಾಳುಗಳನ್ನೂ ಕಳಿಸುತ್ತಾರೆ.

ರಾತ್ರಿ ಕಾಕು ಕುಂದಾ ತಂದಿಟ್ಟರು. ಮಳೆ ಇನ್ನೂ ಸುರಿಯುತ್ತಲೇ ಇತ್ತು.

ಎರಡನೇ ದಿನ: ಗೋಕಾಕ್ ದಾರಿ, ಜಮಖಂಡಿ

ಬೆಳಗಾವಿ ಬಿಟ್ಟು ಪೂರ್ವಕ್ಕೆ ಹೋದ ಹಾಗೆ ಮಳೆ ತೆಳುವಾಗುತ್ತೆ. ಹುಕ್ಕೇರಿ ಕಡೆ ಬರುವಷ್ಟರಲ್ಲಿ ವೈಪರ್ ಬೇಕಾಗಲಿಲ್ಲ. ಗೋಕಾಕ್ ಜಲಪಾತದಲ್ಲಿ ಘಟಪ್ರಭಾ ಕೆಂಪಾಗಿ, ಅಗಲವಾಗಿ, 52 ಮೀಟರ್ ಕೆಳಕ್ಕೆ ಬೀಳುತ್ತಿತ್ತು. ನೀರಿನ ತುಂತುರು ರಸ್ತೆಯವರೆಗೂ ಬರುತ್ತಿತ್ತು. ಅಂಚಿನ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತೆ, ಫೋಟೋ ಆಸೆಗೆ ಮುಂದೆ ಹೋಗಬೇಡಿ. ಅಲ್ಲಿದ್ದ ಚಹಾ ಅಂಗಡಿಯ ಅಕ್ಕ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು. "ನೀರು ಇಲ್ಲೇ ಇರತೈತ್ರಿ, ನೀವೂ ಇರಬೇಕಲ್ರಿ" ಅಂದರು.

ಈ ಕಮರಿಯ ಗೋಡೆ ಲಾವಾ ಕಲ್ಲಲ್ಲ. ಮರಳು ಪದರ ಪದರವಾಗಿ ಕೂತು ಆದದ್ದು, ಬಾದಾಮಿಯ ಗುಹೆಗಳ ಕಲ್ಲಿನ ಸಂಬಂಧಿ. ಮರಳುಗಲ್ಲಿನಲ್ಲಿ ಖಾಲಿ ಜಾಗ ಇರುವುದು ಕಾಳು ಕಾಳಿನ ನಡುವೆ. ಅಲ್ಲೇ ಎಣ್ಣೆ, ಗ್ಯಾಸ್, ನೀರು ನಿಲ್ಲುತ್ತೆ. ಬಾಡಮೇರಿನಲ್ಲೇ 2004ರಲ್ಲಿ ಸಿಕ್ಕ ಮಂಗಳಾ ಎಣ್ಣೆ ಕ್ಷೇತ್ರದ ಕಲ್ಲೂ ಮರಳುಗಲ್ಲೇ. ಪ್ರಪಂಚದಲ್ಲಿ ಎಣ್ಣೆ ಜಾಸ್ತಿ ಸಿಗುವುದು ಇಂಥ ಕಲ್ಲಿನಲ್ಲಿ, ಇಲ್ಲವೇ ಸುಣ್ಣಗಲ್ಲಿನಲ್ಲಿ. ಆದರೆ ಮರಳುಗಲ್ಲಿಗೆ ಒಂದು ತೊಂದರೆ ಇದೆ. ಆಳಕ್ಕೆ ಹೋದ ಹಾಗೆ ಮೇಲಿನ ಭಾರಕ್ಕೆ ಕಾಳುಗಳು ಒತ್ತಿಕೊಂಡು ಜಾಗ ಕಡಿಮೆಯಾಗುತ್ತೆ. ಅದರ ಜೊತೆ ಕಾಳುಗಳ ನಡುವೆ ಸಿಲಿಕಾ ಬಂದು ಅಂಟಿಕೊಂಡರೆ ಮುಗಿಯಿತು. ಗೋಕಾಕಿನ ಕಲ್ಲು ಹಾಗೇ ಗಟ್ಟಿಯಾಗಿದೆ. ಲಾವಾ ಕಲ್ಲು ಹರಳು ಹರಳು ಹೆಣೆದುಕೊಂಡೇ ಹುಟ್ಟಿದ್ದು. ಅದು ಭಾರಕ್ಕೆ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಆದ್ದರಿಂದ ಮೂರ್ನಾಲ್ಕು ಕಿಲೋಮೀಟರ್ ಆಳದಲ್ಲಿ ಮರಳುಗಲ್ಲು ಸೋತ ಕಡೆಯೂ ಜ್ವಾಲಾಮುಖಿ ಕಲ್ಲಿನಲ್ಲಿ ಜಾಗ ಉಳಿದಿರಬಹುದು. ನನಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಿಡಿಸಿದ ವಿಷಯ ಇದು.

ತೂತು ಬಂದದ್ದು ಎಲ್ಲಿಂದ ಅನ್ನುವುದಕ್ಕೆ ಉತ್ತರ ಗೋಕಾಕ್ ಪೇಟೆಯಲ್ಲಿ ಸಿಕ್ಕಿತು. ಕರದಂಟು ಕಟ್ಟಿಸಿಕೊಳ್ಳಲು ನಿಂತಾಗ ಪಕ್ಕದಲ್ಲೇ ಗೋಲಿ ಸೋಡಾ ಗಾಡಿ ಇತ್ತು. ಕಾಕಾ ಎರಡು ಹೇಳಿದರು. ಹುಡುಗ ಗೋಲಿ ಒತ್ತಿದ್ದೇ ತಡ, ಬಾಟಲಿಯ ಉದ್ದಕ್ಕೂ ಗುಳ್ಳೆ ಎದ್ದವು. ಗೋಲಿ ಒತ್ತುವವರೆಗೂ ಒಂದೂ ಗುಳ್ಳೆ ಕಾಣುತ್ತಿರಲಿಲ್ಲ.

"ನೆಲದ ಆಳದಾಗಿನ ಲಾವಾನೂ ಹಿಂಗ. ನೀರಿನ ಆವಿ, ಕಾರ್ಬನ್ ಡೈಆಕ್ಸೈಡ್, ಗಂಧಕದ ಗ್ಯಾಸ್ ಎಲ್ಲಾ ಅದರಾಗ ಕರಗಿರತಾವ. ಮ್ಯಾಲೆ ಬಂದಂಗ ಒತ್ತಡ ಇಳೀತೈತಿ, ಗುಳ್ಳಿ ಏಳತಾವ. ಮ್ಯಾಲೆ ಏರಿ ಹೋಗೂದರಾಗ ಲಾವಾ ಆರಿ ಗಟ್ಟಿ ಆತಂದ್ರ ಗುಳ್ಳಿ ಅಲ್ಲೇ ಸಿಕ್ಕೊಂತಾವ."

ಆರಿ ನಮ್ಮ ಕರಿಕಲ್ಲಾಗುವ ಬಸಾಲ್ಟ್ ಲಾವಾ ಹೊರಬರುವಾಗ ಅದರ ಬಿಸಿ 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಳಿ ತಾಗಿದ ಮೇಲ್ಭಾಗ ಮೊದಲು ಆರುತ್ತೆ. ಒಳಗಿನ ಗುಳ್ಳೆಗಳು ಮೇಲೇರಿ ಆ ಹೊದಿಕೆಯ ಕೆಳಗೆ ಸೇರುತ್ತವೆ. ಅದಕ್ಕೇ ಪ್ರತಿ ಲಾವಾ ಪದರದ ತಲೆಯಲ್ಲಿ ತೂತು ಜಾಸ್ತಿ, ನಡುಭಾಗ ಗಟ್ಟಿ, ತಳದಲ್ಲಿ ಮತ್ತೆ ಸ್ವಲ್ಪ ತೂತು. ಆರುವಾಗ ಕಲ್ಲು ಕುಗ್ಗಿ ಸೀಳುಗಳೂ ಹುಟ್ಟುತ್ತವೆ. ಮೇಲಿನ ಹೊದಿಕೆ ಒಡೆದು ಚೂರುಚೂರಾಗಿ ಮತ್ತೆ ಲಾವಾದಲ್ಲೇ ಸಿಕ್ಕಿಕೊಂಡರೆ ಚೂರುಗಳ ನಡುವೆಯೂ ಜಾಗ ಉಳಿಯುತ್ತೆ. ಇವೆಲ್ಲ ಹುಟ್ಟುವಾಗಲೇ ಬಂದವು. ಆಮೇಲೆ ಬಂದವುಗಳ ಕಥೆ ಬೇರೆ, ಅದು ವಿಜಯಪುರದಲ್ಲಿ ಸಿಕ್ಕಿತು.

ಮುಧೋಳ ದಾಟಿ ಜಮಖಂಡಿಯಲ್ಲಿ ಉಳಿದುಕೊಂಡೆವು. ದಾರಿಯುದ್ದಕ್ಕೂ ಕಬ್ಬು, ಅರಿಶಿನ, ಮತ್ತೆ ಕಬ್ಬು.

ಮೂರನೇ ದಿನ: ಕೃಷ್ಣಾ ದಾಟಿ ಎರಿ ನಾಡಿಗೆ

ಬೆಳಗ್ಗೆ ಚಿಕ್ಕಪಡಸಲಗಿ ಸೇತುವೆಯ ಹತ್ತಿರ ಇಳಿದು ಕೃಷ್ಣೆಯನ್ನು ನೋಡಿದೆವು. ದಡದಿಂದ ದಡಕ್ಕೆ ತುಂಬಿತ್ತು. ಇಲ್ಲಿನ ಶ್ರಮಬಿಂದು ಸಾಗರ ಬ್ಯಾರೇಜನ್ನು 1989ರಲ್ಲಿ ರೈತರೇ ವಂತಿಗೆ ಹಾಕಿ, ಕೈಯಾರೆ ದುಡಿದು ಕಟ್ಟಿಕೊಂಡರು. ಇಂಥ ಕಡೆ ಎರಡು ನಿಮಿಷ ನಿಲ್ಲದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ನದಿ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತೆ. ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಎರಿ ಭೂಮಿ, ಅದರ ಮೇಲೆ ತೊಗರಿಯ ಎಳೆ ಸಾಲು. ಈ ಮಣ್ಣೂ ಲಾವಾ ಕಲ್ಲು ಕೊಳೆತು ಆದದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ಹರಡಿ ದಖ್ಖನ್ ಲಾವಾ ಪ್ರದೇಶವಾಯಿತು. ಇವತ್ತಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಬ್ಬಿದೆ. ಬೆಳಗಾವಿ, ವಿಜಯಪುರ ಅದರ ದಕ್ಷಿಣದ ಅಂಚು.

ಬಬಲೇಶ್ವರ ಇನ್ನೂ ಮುಂದಿತ್ತು. ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಹೊಲದಲ್ಲಿ ಬೂದಿ ಬಣ್ಣದ ಧೂಳು ಮುಗಿಲಿಗೆ ಏಳುತ್ತಿತ್ತು. ಬೋರ್ ಹೊಡೆಯುತ್ತಿದ್ದರು. ಕಾಕಾ ಒಂದು ಮಾತೂ ಆಡದೆ ಕಾರನ್ನು ಹೊಲದ ದಾರಿಗೆ ಇಳಿಸಿದರು. ಹಿಂದಿನ ರಾತ್ರಿಯ ಮಳೆಗೆ ಎರಿ ಮಣ್ಣು ನೆನೆದಿತ್ತು. ನೂರು ಗಜ ಹೋಗುವಷ್ಟರಲ್ಲಿ ಗಾಲಿಗಳು ಸುಮ್ನೆ ತಿರುಗತೊಡಗಿದವು. ಇಳಿದರೆ ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು. ಮಳೆಗಾಲದಲ್ಲಿ ಈ ಭಾಗಕ್ಕೆ ಬರುವವರು ಡಾಂಬರು ಬಿಟ್ಟು ಕೆಳಗೆ ಇಳಿಯದಿರುವುದೇ ಒಳ್ಳೆಯದು. ನಡೆದು ಹೋಗಿ. ಹೊಲದವರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದರು. ರೊಕ್ಕ ಕೊಡಲು ಹೋದರೆ, "ಅದೆಲ್ಲ ಬ್ಯಾಡ್ರಿ, ಬಂದೀರಿ, ಒಂದೀಟು ಕುಂದರ್ರಿ" ಅಂದರು.

ಬೋರ್ ಲಾರಿ ತಮಿಳುನಾಡಿನ ತಿರುಚೆಂಗೋಡಿನದು. ಆಪರೇಟರ್‌ಗೆ ಕನ್ನಡ ಅಷ್ಟಕ್ಕಷ್ಟೆ. ಆದರೆ ಹತ್ತು ನಿಮಿಷದಲ್ಲಿ ಅವನೂ ಕಾಕಾನೂ ಹಳೆಯ ಗೆಳೆಯರ ಹಾಗೆ ಮಾತಾಡುತ್ತಿದ್ದರು. ಆಪರೇಟರ್ ಧೂಳಿನ ಬಣ್ಣ ನೋಡುತ್ತಾನೆ, ಹ್ಯಾಮರ್ ಸದ್ದು ಕೇಳುತ್ತಾನೆ, ರಾಡ್ ಎಷ್ಟು ಬೇಗ ಇಳಿಯುತ್ತೆ ಅಂತ ಲೆಕ್ಕ ಇಡುತ್ತಾನೆ. ಕಾಕಾ ಮಾಡುತ್ತಿದ್ದದ್ದೂ ಇದೇ ಕೆಲಸ, ಸಲಕರಣೆ ಬೇರೆ. ಅಲ್ಲಿ ಗಾಳಿಯ ಬದಲು ಕೆಸರು ಚೂರುಗಳನ್ನು ಮೇಲೆ ತರುತ್ತೆ. ಕೆಸರಿನಿಂದ ಬಿಟ್ಟ ಗ್ಯಾಸನ್ನು ಕ್ರೊಮ್ಯಾಟೊಗ್ರಾಫ್ ಅನ್ನುವ ಯಂತ್ರ ಬೇರ್ಪಡಿಸಿ ಅಳೆದು ಮೀಥೇನ್ ಎಷ್ಟು, ಈಥೇನ್ ಎಷ್ಟು ಅಂತ ಹೇಳುತ್ತೆ. ಚೂರುಗಳನ್ನು ನೇರಳಾತೀತ ಬೆಳಕಿನಲ್ಲಿ ಇಟ್ಟರೆ ಎಣ್ಣೆ ಇದ್ದ ಕಡೆ ಹೊಳೆಯುತ್ತೆ. ಇಲ್ಲಿನ ಧೂಳನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತ ಕಾಕಾ ಒಂದು ಮಾತು ಹೇಳಿದರು. ಬಿಟ್ ಕಲ್ಲನ್ನು ಸಣ್ಣಗೆ ಪುಡಿ ಮಾಡುತ್ತೆ. ಚೂರು ತೂತಿಗಿಂತ ಚಿಕ್ಕದಾದರೆ ತೂತು ಕಾಣುವುದೇ ಇಲ್ಲ. ಹಾಗಾಗಿ ಜ್ವಾಲಾಮುಖಿ ಕಲ್ಲಿನಲ್ಲಿ ಚೂರು ನೋಡಿ ತೀರ್ಮಾನ ಮಾಡುವಂತಿಲ್ಲ. ಇಡೀ ಕಂಬದಂತೆ ಕಲ್ಲು ಕೊಯ್ದು ತೆಗೆಯಬೇಕು, ಬಾವಿಯ ಗೋಡೆಯ ಚಿತ್ರ ತೆಗೆಯುವ ಉಪಕರಣ ಇಳಿಸಬೇಕು.

ಬೋರ್ ನಡೆಯುತ್ತಿರುವಾಗ ಹೊಲದ ಯಜಮಾನರು ತಮ್ಮ ಹಳೆಯ ತೆರೆದ ಬಾವಿ ತೋರಿಸಿದರು. ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ. ಮೇಲೆ ಎರಿ ಮಣ್ಣು. ಅದರ ಕೆಳಗೆ ಗರಸು. ಆಮೇಲೆ ಉಗುರಿನಿಂದ ಕೆರೆದರೆ ಉದುರುವ ಕೊಳೆತ ಕಲ್ಲು. ಅದರ ಕೆಳಗೆ ಗಟ್ಟಿ ಕರಿಕಲ್ಲು, ಉಳಿಯ ಗುರುತು ಇನ್ನೂ ಹಾಗೇ ಇತ್ತು. ಅದರ ಕೆಳಗೆ ತೂತು ತೂತಾದ ಕಲ್ಲು, ಮತ್ತೆ ಅದರ ತಳಕ್ಕೆ ಒಂದು ಮೊಳ ದಪ್ಪದ ಕೆಂಪು ಪಟ್ಟಿ. ಆ ಕೆಂಪು ಪಟ್ಟಿಯ ಮೇಲಂಚಿನಿಂದ ಬಾವಿಯ ಸುತ್ತ ನೀರು ಜಿನುಗುತ್ತಿತ್ತು. ಪಟ್ಟಿಯ ಕೆಳಗೆ ಗೋಡೆ ಒಣಗಿತ್ತು.

"ಆ ಕೆಂಪು ಐತಲ್ಲ, ಅದು ಎರಡು ಲಾವಾ ನಡುವಿನ ಬಿಡುವು" ಅಂದರು ಕಾಕಾ. ಒಂದು ಲಾವಾ ಬಂದು ಹೋದ ಮೇಲೆ ಮುಂದಿನದು ಬರುವಷ್ಟರಲ್ಲಿ ಬಹಳ ಕಾಲ ಹಿಡಿದರೆ, ಮೇಲ್ಮೈ ಮಳೆ ಬಿಸಿಲಿಗೆ ಕೊಳೆತು ಮಣ್ಣಾಗುತ್ತೆ. ಮೇಲೆ ಬಂದ ಲಾವಾದ ಬಿಸಿಗೆ ಅದು ಬೆಂದು ಕೆಂಪಾಗುತ್ತೆ. ಅದು ಜೇಡಿ, ನೀರನ್ನು ಕೆಳಗೆ ಬಿಡುವುದಿಲ್ಲ. ಆಳದ ಗ್ಯಾಸ್ ಕ್ಷೇತ್ರದಲ್ಲೂ ಲಾವಾ ಪದರದ ಹೀಗೆ ಕೊಳೆತ ತಲೆಯನ್ನೇ ಮೊದಲು ಹುಡುಕುತ್ತಾರೆ, ಯಾಕಂದರೆ ಕೊಳೆಯುವಾಗ ಸೀಳುಗಳು ಅಗಲವಾಗಿ ಬಿಡಿ ತೂತುಗಳಿಗೆ ಸಂಪರ್ಕ ಸಿಗುತ್ತೆ. ಅದರ ಮೇಲೆ ಜೇಡಿಯೋ, ಗಟ್ಟಿ ಲಾವಾವೋ ಮುಚ್ಚಳವಾಗಿ ಕೂರಬೇಕು. ನೀರು ಕೆಳಗೆ ಹೋಗದಂತೆ ಇಲ್ಲಿ ತಡೆಯುವ ಪದರವೇ ಅಲ್ಲಿ ಗ್ಯಾಸ್ ಮೇಲೆ ಹೋಗದಂತೆ ತಡೆಯಬಲ್ಲದು.

ಯಜಮಾನರು ಕೇಳಿದರು, "ಹಂಗಾರ ಇನ್ನಾ ಕೆಳಗ ಹೊಡಸ್ಲೇನ್ರಿ?"

ಕಾಕಾ ಆಪರೇಟರ್ ಜೊತೆ ಮಾತಾಡಿ, ಸದ್ಯದ ರಾಡ್‌ನಲ್ಲಿ ಬರೀ ಗಟ್ಟಿ ಕಲ್ಲಿನ ಧೂಳು ಬರುತ್ತಿದೆ, ಇನ್ನೊಂದು ಕೆಂಪು ಪಟ್ಟಿ ಬರುವವರೆಗೆ ನೋಡಿ, ಅಲ್ಲೂ ಸಿಗದಿದ್ದರೆ ನಿಲ್ಲಿಸಿ ಅಂದರು. ಭರವಸೆ ಕೊಡಲಿಲ್ಲ. ಮನೆಯವರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು ಕೊಟ್ಟರು. ಪುಂಡಿ ಪಲ್ಯದ ರುಚಿ ಬಾಯಲ್ಲೇ ಉಳಿಯಿತು. ಸಂಜೆ ನಾಲ್ಕಕ್ಕೆ ಕೆಂಪು ಧೂಳು ಬಂತು, ಅದರ ಹಿಂದೆಯೇ ನೀರು. ದೊಡ್ಡ ಧಾರೆ ಏನಲ್ಲ. ಒಂದೆರಡು ಎಕರೆಗೆ ಸಾಕು ಅಂದ ಆಪರೇಟರ್.

ನಾಲ್ಕನೇ ದಿನ: ವಿಜಯಪುರ

ಗೋಳಗುಮ್ಮಟಕ್ಕೆ ಬೆಳಗ್ಗೆ ಬೇಗ ಹೋಗಿ. ಶಾಲೆಯ ಮಕ್ಕಳು ಬಂದ ಮೇಲೆ ಮೇಲಿನ ಗ್ಯಾಲರಿಯಲ್ಲಿ ಪಿಸುಮಾತು ಕೇಳುವುದಿಲ್ಲ. ಮೊಹಮ್ಮದ್ ಆದಿಲ್‌ಶಾಹನ ಈ ಸಮಾಧಿ 1656ರಲ್ಲಿ ಮುಗಿಯಿತು, ಕಟ್ಟಿದ್ದು ಇದೇ ಬಸಾಲ್ಟಿನಿಂದ. ನನಗೆ ಇಷ್ಟವಾದದ್ದು ಮಾತ್ರ ಬಾರಾಕಮಾನ್. ಕೆಲಸ ಅರ್ಧಕ್ಕೆ ನಿಂತದ್ದರಿಂದ ಗಾರೆ ಇಲ್ಲ, ಕಲ್ಲು ನೇರವಾಗಿ ಕಾಣುತ್ತೆ. ಕಮಾನಿನ ಭಾರ ಹೊರುವ ಕಡೆ ಗಟ್ಟಿ ನಡುಭಾಗದ ಕಲ್ಲು ಬೇಕು, ತೂತಿನ ಕಲ್ಲು ಆಗುವುದಿಲ್ಲ. ಕಟ್ಟುವವರಿಗೆ ಬೇಡವಾದದ್ದು ಕೊರೆಯುವವರಿಗೆ ಬೇಕು.

ಆಮೇಲೆ ತೊರವಿ ಕಡೆಯ ಸುರಂಗ ಬಾವಡಿ. ಊರಿಗೆ ನೀರು ತರಲು ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗೆ ಕಲ್ಲು ಕೊರೆದು ಮಾಡಿದ ಕಾಲುವೆ, ನಡುನಡುವೆ ಮೇಲಿಂದ ಇಳಿದ ಗಾಳಿ ಬಾವಿಗಳು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿ ಪಟ್ಟಿಯಲ್ಲಿ ಇದನ್ನು ಸೇರಿಸಿತ್ತು. ಅಲ್ಲಿ ನೆರಳಿನಲ್ಲಿ ಕೂತು ಉಳಿದ ಪ್ರಶ್ನೆ ಕೇಳಿದೆ. ಇಷ್ಟೊಂದು ತೂತಿನ ಕಲ್ಲಿದ್ದರೂ ವಿಜಯಪುರದಲ್ಲಿ ಯಾಕೆ ಎಣ್ಣೆ ಇಲ್ಲ?

ಲಾವಾ ಎಣ್ಣೆ ಹುಟ್ಟಿಸುವುದಿಲ್ಲ, ಬಂದ ಎಣ್ಣೆಗೆ ಜಾಗ ಕೊಡುತ್ತೆ ಅಷ್ಟೆ. ಎಣ್ಣೆ ಹುಟ್ಟುವುದು ಪಾಚಿ, ಗಿಡ, ಸೂಕ್ಷ್ಮಜೀವಿಗಳ ಅವಶೇಷ ತುಂಬಿದ ಜೇಡಿಗಲ್ಲು ಆಳಕ್ಕೆ ಇಳಿದು, ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ ಬಹಳ ಕಾಲ ಬೆಂದಾಗ. ಇನ್ನೂ ಬಿಸಿಯಾದರೆ ಗ್ಯಾಸ್. ನಮ್ಮ ಕಡೆ ಲಾವಾದ ಅಡಿಗೆ ಇರುವುದು ಗ್ರಾನೈಟ್ ಜಾತಿಯ ಬಹಳ ಹಳೆಯ ಕಲ್ಲು, ಕಲಾದಗಿಯ ಮರಳುಗಲ್ಲು, ಸುಣ್ಣಗಲ್ಲು. ಅಂಥ ಜೇಡಿಗಲ್ಲು ದಪ್ಪವಾಗಿ ಹೊದ್ದುಕೊಂಡದ್ದು ಗುಜರಾತಿನ ಖಂಭಾತ್ ಕಡೆ. ಅಲ್ಲಿ ದಖ್ಖನ್ ಲಾವಾ ಆಳಕ್ಕೆ ಕುಸಿದು, ಅದರ ಮೇಲೆ ಜೇಡಿಗಲ್ಲು ಕೂತಿದೆ. ವಡೋದರಾ ಹತ್ತಿರದ ಪಾದ್ರಾದಲ್ಲಿ ಎಣ್ಣೆ ಆ ಜೇಡಿಗಲ್ಲಿನಿಂದ ಹೊರಟು, ಎತ್ತರಕ್ಕೆ ಉಳಿದ ಲಾವಾ ದಿಬ್ಬದ ಸೀಳುಗಳಲ್ಲಿ ಸೇರಿಕೊಂಡಿದೆ. ನಮ್ಮದೇ ಬಸಾಲ್ಟಿನಲ್ಲಿ ಎಣ್ಣೆ! ಜಪಾನಿನ ಮಿನಾಮಿ ನಾಗಾವೊಕಾ, ಚೀನಾದ ಸಾಂಗ್ಲಿಯಾವೊ ಪ್ರದೇಶದ ಕ್ಷೇತ್ರಗಳಲ್ಲಿ ರಯೋಲೈಟ್ ಅನ್ನುವ ಬಿಳಿಚು ಲಾವಾ ಕಲ್ಲಿನಿಂದಲೂ ಗ್ಯಾಸ್ ತೆಗೆಯುತ್ತಾರೆ.

ಮತ್ತೆ ಆ ಬಿಳಿ ಹರಳು ತುಂಬಿದ ತೂತುಗಳು? ಅವು ಕೆಲಸಕ್ಕೆ ಬಾರದವು ಅಂದುಕೊಂಡಿದ್ದೆ. ಹಾಗಲ್ಲವಂತೆ. ಜೇಡಿಗಲ್ಲು ಬೇಯುವಾಗ ಎಣ್ಣೆಯ ಜೊತೆ ಆಮ್ಲಗಳೂ, ಕಾರ್ಬನ್ ಡೈಆಕ್ಸೈಡೂ ಹೊರಡುತ್ತವೆ. ಅವು ಬೆರೆತ ಹುಳಿ ನೀರು ಸೀಳುಗಳಲ್ಲಿ ಹರಿದು ತೂತಿನಲ್ಲಿ ಕೂತ ಜಿಯೋಲೈಟ್, ಸುಣ್ಣದ ಹರಳು, ಕಲ್ಲಿನದೇ ಖನಿಜವಾದ ಫೆಲ್ಡ್‌ಸ್ಪಾರ್ ಎಲ್ಲವನ್ನೂ ಮೆಲ್ಲಗೆ ಕರಗಿಸುತ್ತೆ. ಮುಚ್ಚಿದ ತೂತು ಮತ್ತೆ ತೆರೆದುಕೊಳ್ಳುತ್ತೆ. ಆಮೇಲೆ ಬರುವ ಎಣ್ಣೆಗೆ, ಗ್ಯಾಸಿಗೆ ಜಾಗ ಮೊದಲೇ ಸಿದ್ಧವಾಗಿರುತ್ತೆ.

ಮಧ್ಯಾಹ್ನ ಖಾನಾವಳಿಯಲ್ಲಿ ಊಟ ಮಾಡುವಾಗ ಮಾತು ಐಸ್‌ಲ್ಯಾಂಡಿಗೆ ಹೋಯಿತು. ಅಲ್ಲಿ ಕಾರ್ಬ್‌ಫಿಕ್ಸ್ ಅನ್ನುವ ಯೋಜನೆಯವರು 2012ರಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನ ತೂತುಗಳಿಗೆ ತುಂಬಿದರು. ಕಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಎರಡು ವರ್ಷದೊಳಗೆ 95 ಪ್ರತಿಶತಕ್ಕಿಂತ ಜಾಸ್ತಿ ಕಲ್ಲೇ ಆಗಿಬಿಟ್ಟಿತು. ಕಾಕಾನ ಕಣ್ಣು ಅರಳಿತ್ತು. ಇಷ್ಟು ವರ್ಷ ನೆಲದಿಂದ ತೆಗೆದದ್ದನ್ನು ನಮ್ಮ ದಖ್ಖನ್ ಕಲ್ಲಿಗೆ ವಾಪಸ್ ತುಂಬಬಹುದು ಅನ್ನುವುದು ಅವರ ಆಸೆ. ನಾನು ಒಪ್ಪಲಿಲ್ಲ. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಕರಗಿಸಲು ಸುಮಾರು 25 ಟನ್ ನೀರು ಬೇಕು. ಒಂದೆರಡು ಎಕರೆಯ ನೀರಿಗೆ ಲಕ್ಷ ಸುರಿಯುವ ಜಿಲ್ಲೆಯಲ್ಲಿ ಆ ನೀರು ಎಲ್ಲಿಂದ? ಕುಡಿಯುವ ನೀರಿರುವ ಪದರ ಕೆಟ್ಟರೆ ಯಾರು ಹೊಣೆ?

"ಇಲ್ಲಿ ಅಂದೆನೇನು ನಾ? ಮುಂಬೈ ಕಡೆ ಸಮುದ್ರದ ತಳದಾಗೂ ಇದ ಲಾವಾ ಐತಿ. ನೀರೂ ಅಲ್ಲೇ ಐತಿ. ಉಪ್ಪುನೀರಿನ್ಯಾಗೂ ಮಾಡಿ ನೋಡಾಕತ್ತಾರ."

ಅದಕ್ಕೆ ನನ್ನ ತಕರಾರು ಕಡಿಮೆ. ಉಪ್ಪುನೀರಿನ ಪರೀಕ್ಷೆ ಮೊದಲು ಆಗಲಿ, ಆಮೇಲೆ ಮಾತಾಡೋಣ ಅಂದೆ. ಸ್ಟೇಷನ್ ತಲುಪುವವರೆಗೂ ವಾದ ನಡೆಯಿತು. ರೈಲು ಬರುವ ಮೊದಲು ಹೊಲದ ಯಜಮಾನರ ಫೋನ್ ಬಂತು. ಬೋರಿನ ನೀರು ರಾತ್ರಿಯೆಲ್ಲ ನಿಂತಲ್ಲೇ ನಿಂತಿದೆಯಂತೆ, ಮೋಟರ್ ಎಷ್ಟು ಕೆಳಗೆ ಇಳಿಸಬೇಕು ಅಂತ ಕೇಳಿದರು. ಕೆಂಪು ಪಟ್ಟಿಗಿಂತ ಸ್ವಲ್ಪ ಮೇಲೆ ಇಳಿಸಿ, ಜೇಡಿ ಮೋಟರಿಗೆ ಹೋಗದಿರಲಿ ಅಂದರು ಕಾಕಾ. ಡಿಸೆಂಬರಿನಲ್ಲಿ ಮತ್ತೆ ಬಂದು ತೆರೆದ ಬಾವಿಯ ಜಿನುಗು ಎಷ್ಟು ಇಳಿದಿದೆ ಅಂತ ಅಳೆದು ನೋಡುವುದಾಗಿಯೂ ಹೇಳಿದರು.